ದ್ರಾಕ್ಷಿಗೆ ಯಾವ ದೋಷ?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ನೋಡಲು ಟಿಕೆಟ್ ಕೊಂಡು ಬರುವವರಿಲ್ಲ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಅಡತಿ ಅಂಗಡಿಗಳ ಮುಂದೆ ಚೀಲಗಳು ಸಾಲುಗಟ್ಟುತ್ತವೆ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನಿಂದಲೂ ಲಾರಿಗಳು ಬರುತ್ತವೆ. ಮೂಗು ಬಾಯಿಗೆ ಸೆರಗು ಬಿಗಿದುಕೊಂಡ ಹೆಣ್ಣುಮಕ್ಕಳು ದಿನವಿಡೀ ಕೂತು ತೊಟ್ಟು ಮುರಿಯುತ್ತಾರೆ. ಗಿಡ್ಡಗೆ ದುಂಡಗಿರುವುದು ಡಬ್ಬಿ, ನೀಳವಾಗಿ ಸುಕ್ಕುಗಟ್ಟಿದ್ದು ಕಡ್ಡಿ. ಎರಡಕ್ಕೂ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣವನ್ನು ಓಲಿಯೋರೆಸಿನ್ ರೂಪದಲ್ಲಿ ಹಿಂಡಿ ತೆಗೆದು ಆಹಾರಕ್ಕೂ ಸೌಂದರ್ಯವರ್ಧಕಗಳಿಗೂ ಬಳಸುತ್ತಾರೆ. 2011ರಲ್ಲಿ ಈ ಬೆಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೂ ಒಂದು ಹಣ್ಣನ್ನು ಕೈಗೆ ಕೊಟ್ಟು, ಬೆಳಕಿಗೆ ಹಿಡಿದು ಬಣ್ಣ ನೋಡಿ, ಮುರಿದು ವಾಸನೆ ಹೀರಿ, ಇದು ಯಾವ ಎರೆಮಣ್ಣಿನದು ಹೇಳಿ ಎಂದು ಕೇಳುವ ಮಾರ್ಗದರ್ಶಿ ಅಲ್ಲಿಲ್ಲ.

ದ್ರಾಕ್ಷಿಗೆ ಆ ಭಾಗ್ಯವಿದೆ.

ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬ 1988ರಲ್ಲಿ ಫ್ರಾನ್ಸಿನ ತಳಿಗಳನ್ನಿಟ್ಟು ಕಟ್ಟಿದ ತೋಟಕ್ಕೆ ಇಂದು ಬೆಂಗಳೂರಿನಿಂದ ಒಂದು ದಿನದ ಪ್ರವಾಸ ಹೋಗುವವರು ಬಹಳ. ಮೈಸೂರು ರಸ್ತೆಯ ಚನ್ನಪಟ್ಟಣದಲ್ಲೂ ಅಂಥ ವ್ಯವಸ್ಥೆಯಿದೆ. ಉತ್ತರಕ್ಕೆ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳ ಕೃಷ್ಣಾ ಕಣಿವೆಯನ್ನು ಸರ್ಕಾರವೇ ವೈನ್ ದ್ರಾಕ್ಷಿಯ ಸೀಮೆಯೆಂದು ಗುರುತಿಸಿದೆ. ಹಾವೇರಿ ಜಿಲ್ಲೆಯ ಅಂಚಿನಲ್ಲಿ ಹರಿದು ಹೋಗುವ ತುಂಗಭದ್ರೆ ಮುಂದೆ ಮುಟ್ಟುವ ಕೊಪ್ಪಳ ಜಿಲ್ಲೆಯಿಂದಲೂ ‘ಹಂಪಿ ಹಿಲ್ಸ್’ ಹೆಸರು ಹೊತ್ತ ವೈನ್ ಹೊರಬರುತ್ತಿದೆ. ಹಾವೇರಿಯವರಿಗೋ ರಾಣೆಬೆನ್ನೂರಿನವರಿಗೋ ಇವು ಯಾವುವೂ ದೂರದ ಮಾತಲ್ಲ.

ಪ್ರವಾಸದ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಬಳ್ಳಿಯ ಸಾಲುಗಳ ನಡುವೆ ಸುತ್ತಾಟ. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯಿಲ್ಲ. ಹಾಗಾಗಿ ಬೇಸಿಗೆಯಲ್ಲೊಮ್ಮೆ, ಮಳೆ ಹಿಂದೆಗೆದ ಮೇಲೊಮ್ಮೆ ಬಳ್ಳಿ ಸವರಬೇಕು. ವಿಜಯಪುರದ ರೈತರು ಇದಕ್ಕೆ ಚಾಟ್ನಿ ಎನ್ನುತ್ತಾರೆ. ಎರಡು ಚಾಟ್ನಿಗೆ ಒಂದೇ ಫಸಲು. ಆಮೇಲೆ ಉಕ್ಕಿನ ತೊಟ್ಟಿಗಳು: ಸಿಪ್ಪೆಯ ಜೊತೆಗೇ ಹುದುಗಿದರೆ ಕೆಂಪು ವೈನ್, ಸಿಪ್ಪೆ ಬೇರ್ಪಡಿಸಿ ಹುದುಗಿಸಿದರೆ ಬಿಳಿ. ಅನಂತರ ಓಕ್ ಮರದ ಪೀಪಾಯಿಗಳಿರುವ ತಂಪು ಕೋಣೆ. ಕೊನೆಗೆ ಮೇಜು, ಲೋಟ. ಲೋಟ ಓರೆ ಮಾಡಿ ಬಣ್ಣ ನೋಡಿ, ತಿರುಗಿಸಿ, ಮೂಸಿ, ಗುಟುಕು ಬಾಯಲ್ಲಿ ಆಡಿಸಿ ಎಂದು ಮಾರ್ಗದರ್ಶಿ ಹೇಳಿಕೊಡುತ್ತಾರೆ. ಬಂದವರು ಗುಡಿಯಲ್ಲಿ ತೀರ್ಥಕ್ಕೆ ಕೈಯೊಡ್ಡಿದಷ್ಟೇ ಗಂಭೀರವಾಗಿ ಅದನ್ನು ಪಾಲಿಸುತ್ತಾರೆ.

ಈ ಗಾಂಭೀರ್ಯದಲ್ಲಿ ತಪ್ಪೇನಿಲ್ಲ. ಮಣ್ಣನ್ನು, ಗಾಳಿಯನ್ನು, ದುಡಿದ ಕೈಗಳನ್ನು ಒಂದು ಗುಟುಕಿನಲ್ಲಿ ಗುರುತಿಸುವುದು ಒಳ್ಳೆಯ ವಿದ್ಯೆಯೇ. ಆದರೆ ಹಾವೇರಿ ಸೀಮೆಯಲ್ಲಿ ಬೆಳೆದವರಿಗೆ ಆ ಮೇಜಿನ ಮುಂದೆ ಒಂದು ಪ್ರಶ್ನೆ ಏಳದೆ ಇರದು. ಇದೇ ಹುದುಗು, ಇದೇ ಮದ್ಯಸಾರ ಈಚಲ ಮರದ ಕೆಳಗಿನ ಮಡಕೆಯಲ್ಲಿದ್ದರೆ ಅದು ಕೇಡು. ಕಾಲುಳ್ಳ ಗಾಜಿನ ಲೋಟಕ್ಕೆ ಬಂದರೆ ಸಂಸ್ಕೃತಿ. ದೋಷವಿರುವುದು ವಸ್ತುವಿನಲ್ಲೋ, ಅದನ್ನು ಹಿಡಿದ ಕೈಯಲ್ಲೋ?

ಇದು ಹಳೆಯ ಪ್ರಶ್ನೆ. ಆಹಾರಕ್ಕೆ ಮೂರು ಬಗೆಯ ದೋಷಗಳುಂಟೆಂದು ರಾಮಾನುಜರ ಸಂಪ್ರದಾಯ ಹೇಳುತ್ತದೆ. ವಸ್ತುವಿನ ಹುಟ್ಟುಗುಣದಿಂದಲೇ ಬರುವುದು ಜಾತಿದೋಷ. ಅದು ಯಾರಿಂದ ಬಂತೋ ಅವರಿಂದ ತಗಲುವುದು ಆಶ್ರಯದೋಷ. ಕೂದಲು, ಧೂಳು ಬಿದ್ದು ಆಗುವುದು ನಿಮಿತ್ತದೋಷ. ಮದ್ಯವನ್ನು ಬಿಡಬೇಕೆನ್ನುವವರು ಯಾವಾಗಲೂ ಮೊದಲನೆಯ ದೋಷದ ಮಾತಾಡುತ್ತಾರೆ: ಅಮಲು ಅದರ ಹುಟ್ಟುಗುಣ, ಆದ್ದರಿಂದ ಅದು ವರ್ಜ್ಯ. ಮಾತು ಖಚಿತವಾಗಿದೆ. ಆದರೆ ಸಮಾಜ ತೀರ್ಪು ಕೊಡುವಾಗ ನೋಡುವುದು ಎರಡನೆಯದನ್ನು. ಯಾರು ಇಳಿಸಿದ್ದು, ಯಾರು ಮಾರಿದ್ದು, ಯಾರು ಕುಡಿದದ್ದು ಎಂಬುದನ್ನು ತೂಗಿ ನೋಡಿ, ಅದನ್ನೇ ವಸ್ತುವಿನ ಗುಣವೆಂದು ಹೇಳಿಬಿಡುತ್ತದೆ.

ಬೆಳೆಗೂ ಊಟಕ್ಕೂ ಅಂಟಿದ ಈ ಮೇಲುಕೀಳಿನ ವ್ಯಾಜ್ಯವನ್ನು ಕನ್ನಡದಲ್ಲಿ ನ್ಯಾಯಾಲಯಕ್ಕೆ ತಂದವರು ಹಾವೇರಿ ಜಿಲ್ಲೆಯವರೇ. ಬಾಡದಲ್ಲಿ ಹುಟ್ಟಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿ ಹಾಡಿದ ಕನಕದಾಸರು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಲಂಕೆಯಿಂದ ಹಿಂದಿರುಗುವ ರಾಮನ ಎದುರು ಧಾನ್ಯಗಳಲ್ಲಿ ಯಾವುದು ಮೇಲು ಎಂಬ ಮಾತೇಳುತ್ತದೆ. ಗೌತಮರು ನರೆದಲೆಗವನ್ನು, ಎಂದರೆ ರಾಗಿಯನ್ನು ಎತ್ತಿ ಹೇಳುತ್ತಾರೆ. ಅಕ್ಕಿಗೆ ಸಿಟ್ಟು. ಹೀನರ ಕೂಳು ನೀನು ಎಂದು ಅದು ರಾಗಿಯನ್ನು ಜರೆದರೆ, ಸಿರಿವಂತರತ್ತ ಮಾತ್ರ ನೋಡುವ ನೀನು ಬಡವರ ಮುಖ ಕಾಣೆ ಎಂದು ರಾಗಿ ತಿರುಗಿ ಬೀಳುತ್ತದೆ. ಹಾವೇರಿ ಕಡೆಯ ಊಟದಲ್ಲಿ ರಾಗಿಗಿಂತ ಜೋಳದ ರೊಟ್ಟಿಯೇ ಮುಂದು ಎಂಬುದನ್ನು ನೆನೆದರೆ, ಕನಕರು ಮಾತಾಡಿದ್ದು ತಮ್ಮ ತಟ್ಟೆಯ ಪರವಾಗಿ ಮಾತ್ರವಲ್ಲ ಎಂಬುದು ತಿಳಿಯುತ್ತದೆ.

ರಾಮ ಆಗ ಮಾಡಿದ್ದೇನು? ವಾದ ಕೇಳಿ ಅಲ್ಲಿಯೇ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಅವಧಿ ಮುಗಿದು ಹೊರತಂದಾಗ ಅಕ್ಕಿ ಸೊರಗಿತ್ತು, ರಾಗಿ ಗಟ್ಟಿಯಾಗಿ ನಿಂತಿತ್ತು. ತನ್ನ ಹೆಸರನ್ನೇ ರಾಮ ಅದಕ್ಕೆ ಕೊಟ್ಟ. ಈ ಕಥೆಯನ್ನು ಕೆಳವರ್ಗದ ಗೆಲುವಾಗಿ ಓದುವುದು ರೂಢಿ, ಅದು ಸರಿಯೂ ಹೌದು. ಆದರೆ ವಿಚಾರಣೆಯ ಕ್ರಮವೂ ಅಷ್ಟೇ ಮುಖ್ಯ. ಇಬ್ಬರು ವಾದಿಗಳಿಗೂ ಒಂದೇ ಕೋಣೆ, ಒಂದೇ ಅವಧಿ. ಯಾರ ತಟ್ಟೆಯಿಂದ ಬಂದೆ ಎಂದು ರಾಮ ಕೇಳಲಿಲ್ಲ, ಕಾಲ ಕಳೆದ ಮೇಲೆ ಏನಾಗಿ ಉಳಿದೆ ಎಂದು ನೋಡಿದ.

ಕರ್ನಾಟಕ ಈ ಕ್ರಮವನ್ನು ಪಾಲಿಸಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕಾಕಂಬಿಯಿಂದ ಬಟ್ಟಿ ಇಳಿಸಿ ಪ್ಲಾಸ್ಟಿಕ್ ಪಾಕೀಟಿನಲ್ಲಿ ಮಾರುತ್ತಿದ್ದ ಸಾರಾಯಿ ಎಷ್ಟೋ ಮನೆಗಳ ಕೂಲಿಯನ್ನು ನುಂಗಿತ್ತು. ಹೆಂಗಸರು ವರ್ಷಗಟ್ಟಲೆ ಅದರ ವಿರುದ್ಧ ಬೀದಿಗಿಳಿದಿದ್ದರು. ಆ ನಿಷೇಧ ನ್ಯಾಯವಾದದ್ದು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ವೈನ್ ಮಂಡಳಿ ಹುಟ್ಟಿ ತೋಟಗಾರಿಕೆಯ ಆಸರೆ ಪಡೆಯಿತು. ಒಂದು ಅಬಕಾರಿಯ ಪಾಪ, ಇನ್ನೊಂದು ತೋಟಗಾರಿಕೆಯ ಫಲ. ರೈತನಿಗೆ ಬೆಲೆ ಸಿಗಲಿ ಎಂಬ ಕಾಳಜಿ ಅದರಲ್ಲಿತ್ತು, ಇಲ್ಲವೆನ್ನಲಾಗದು. ಆದರೆ ಸಾರಾಯಿ ಕುಡಿಯುತ್ತಿದ್ದವರೆಲ್ಲ ಕುಡಿತ ಬಿಡಲಿಲ್ಲ. ಬಹುಮಂದಿ ಅಗ್ಗದ ವಿಸ್ಕಿ, ರಮ್ಮಿನ ಕಡೆ ಹೊರಳಿದರು. ಸೆರೆಗೆ ಹೋದದ್ದು ಬಡವನ ಪಾಕೀಟು ಒಂದೇ. ಜೊತೆಗೆ ಇನ್ನೊಂದನ್ನೂ ಕೂಡಿಹಾಕಿ ಆರು ತಿಂಗಳು ಕಾಯುವ ನ್ಯಾಯ ನಡೆಯಲಿಲ್ಲ.

ಆಶ್ರಯದೋಷದ ಲೆಕ್ಕವನ್ನು ಹಿಂದೆಯೇ ಮುರಿದವರು ಹನ್ನೆರಡನೆಯ ಶತಮಾನದ ಶರಣರು. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಗೆ ಮುಕ್ತೇಶ್ವರ ದೇವಾಲಯವಿದೆ. ಊರ ಹೆಸರಿನಲ್ಲೇ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನ ನೆನಪಿದೆ. ಅವನ ಕಾಲದ ಇನ್ನೊಬ್ಬ ವಚನಕಾರ ಹೆಂಡದ ಮಾರಯ್ಯ. ಹೆಂಡ ಮಾರುವುದೇ ಅವನ ಕಾಯಕ, ಧರ್ಮೇಶ್ವರಲಿಂಗ ಅವನ ಅಂಕಿತ. ಮಡಕೆ, ಹೆಂಡ, ಅಮಲುಗಳನ್ನೇ ಅವನು ಅನುಭಾವದ ಮಾತಾಗಿ ತಿರುಗಿಸಿದ. ಶರಣರು ಕುಡಿತವನ್ನು ಹೊಗಳಿದವರಲ್ಲ. ಆದರೆ ಮಾರುವವನನ್ನು ಹೊಸಿಲಾಚೆ ನಿಲ್ಲಿಸಲಿಲ್ಲ. ವಸ್ತುವನ್ನು ಕುರಿತ ವಿವೇಕ ಬೇರೆ, ಮನುಷ್ಯನನ್ನು ಕುರಿತ ತಿರಸ್ಕಾರ ಬೇರೆ ಎಂಬ ಎಚ್ಚರ ಅವರಲ್ಲಿತ್ತು. ಇಂದಿನ ನೀತಿ ನಿರೂಪಕರು ಮರೆತಿರುವುದು ಇದೇ ಎಚ್ಚರವನ್ನು.

ಜಾತಿದೋಷದ ವಾದಕ್ಕೂ ತೊಡಕುಗಳಿವೆ. ಆಯುರ್ವೇದದ ಅಂಗಡಿಯಲ್ಲಿ ಸಿಗುವ ದ್ರಾಕ್ಷಾರಿಷ್ಟ ದ್ರಾಕ್ಷಿಯನ್ನೇ ಹುದುಗಿಸಿ ಮಾಡಿದ್ದು, ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರವಿರುತ್ತದೆ. ಮಡಿವಂತರ ಮನೆಯಲ್ಲೂ ಅದಕ್ಕೆ ಜಾಗವಿದೆ. ತುಳುನಾಡಿನಲ್ಲಿ ಕೊರಗಜ್ಜನಿಗೆ ವೀಳ್ಯ, ಚಕ್ಕುಲಿಯ ಜೊತೆ ಕಳ್ಳನ್ನೂ ಭಕ್ತಿಯಿಂದಲೇ ಒಪ್ಪಿಸುತ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಧಾರವಾಡ ಜಿಲ್ಲೆಯ ಭಾಗವಾಗಿ ಮುಂಬೈ ಆಡಳಿತದಲ್ಲಿದ್ದಾಗ 1949ರ ಪಾನನಿರೋಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. 1951ರಲ್ಲಿ ಬಲ್ಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಆದರೆ ಮದ್ಯಸಾರವಿರುವ ಔಷಧ, ಪ್ರಸಾಧನಗಳಿಗೆ ಹಾಕಿದ್ದ ನಿರ್ಬಂಧವನ್ನು ತೆಗೆದುಹಾಕಿತು. ವಸ್ತು ಒಂದೇ ಆದರೂ ಬಳಕೆ ಯಾವುದೆಂದು ನೋಡಬೇಕೆಂಬುದು ಅಲ್ಲಿಗೆ ಕಾನೂನಿನ ಮಾತೂ ಆಯಿತು.

ಆರನೆಯ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠದ ನಿಯಮಗಳಲ್ಲಿ ಇದೇ ಇಕ್ಕಟ್ಟಿಗೆ ಸಿಕ್ಕಿದ್ದ. ದ್ರಾಕ್ಷಾರಸ ಸನ್ಯಾಸಿಗಳಿಗೆ ತಕ್ಕುದಲ್ಲ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಕಾಲದ ಸನ್ಯಾಸಿಗಳನ್ನು ಒಪ್ಪಿಸಲಾಗದು ಎಂಬುದೂ ಗೊತ್ತಿತ್ತು. ಹಾಗಾಗಿ ದಿನಕ್ಕೆ ಇಷ್ಟೆಂದು ಅಳತೆ ಗೊತ್ತುಮಾಡಿದ. ಅವನ ನಿಯಮವನ್ನೇ ಹಿಡಿದ ಸಿಸ್ಟರ್ಸಿಯನ್ ಸನ್ಯಾಸಿಗಳು ಹನ್ನೆರಡನೆಯ ಶತಮಾನದಲ್ಲಿ, ಮಾರಯ್ಯ ಹೆಂಡ ಮಾರುತ್ತಿದ್ದ ಕಾಲದಲ್ಲೇ, ಬರ್ಗಂಡಿಯ ಕ್ಲೋ ದ ವೂಜೋದಲ್ಲಿ ದ್ರಾಕ್ಷಿತೋಟ ಹಾಕಿದರು. ಇಂದಿನ ಮಾರ್ಗದರ್ಶಿ ಹೇಳುವ ‘ಮಣ್ಣಿನ ರುಚಿ’ಗೆ ಆ ಸನ್ಯಾಸಿಗಳ ತಾಳ್ಮೆಯ ಬೇಸಾಯದಲ್ಲೂ ಬೇರುಗಳಿವೆ. ಬೌದ್ಧರ ಪಂಚಶೀಲದ ಐದನೆಯದು ಇನ್ನೊಂದು ದಾರಿ ತೋರುತ್ತದೆ. ಮದ್ಯ ಬಿಡಬೇಕು, ಏಕೆಂದರೆ ಅದು ಪ್ರಮಾದಕ್ಕೆ, ಎಚ್ಚರ ತಪ್ಪುವುದಕ್ಕೆ ಎಡೆ. ಅಲ್ಲಿ ಜಾತಿದೋಷದ ಮಾತೂ ಇಲ್ಲ, ಆಶ್ರಯದೋಷದ ಮಾತೂ ಇಲ್ಲ. ಕುಡಿದವನ ಎಚ್ಚರಕ್ಕೆ ಏನಾಯಿತು ಎಂಬುದೊಂದೇ ಲೆಕ್ಕ. ರಾಮನ ಆರು ತಿಂಗಳ ಪರೀಕ್ಷೆಗೆ ಇದು ತೀರ ಹತ್ತಿರ.

ಈ ಪರೀಕ್ಷೆಯನ್ನು ಗಂಭೀರವಾಗಿ ತೆಗೆದುಕೊಂಡರೆ ವೈನಿಗೂ ರಿಯಾಯಿತಿಯಿಲ್ಲ, ಹೆಂಡಕ್ಕೂ ಮೊದಲೇ ಬರೆದಿಟ್ಟ ಶಿಕ್ಷೆಯಿಲ್ಲ. ವರ್ಷಕ್ಕೊಮ್ಮೆ ಒಂದು ಲೋಟ ಸವಿದು ಮನೆಗೆ ಮರಳಿದವರ ಮೇಲೆ ಪಾಪ ಹೊರಿಸುವುದು ಅತಿಯಾದೀತು. ಆದರೆ ರುಚಿಯ ವಿದ್ಯೆ ಕಲಿತ ಮಾತ್ರಕ್ಕೆ ಅಮಲಿನ ಲೆಕ್ಕದಿಂದ ಬಿಡುಗಡೆಯಾಯಿತೆಂದು ನಂಬುವುದು ಅದಕ್ಕಿಂತ ದೊಡ್ಡ ಭ್ರಮೆ. ನಗರದ ಸುಶಿಕ್ಷಿತರ ಮನೆಯಲ್ಲಿ ಕುಡಿತಕ್ಕೆ ದಾಸರಾದವರು ಕಡಿಮೆಯಿಲ್ಲ; ಅವರ ಗೋಳು ರಸ್ತೆಗೆ ಕೇಳಿಸುವುದಿಲ್ಲ, ಅಷ್ಟೇ.

ಕೃಷ್ಣಾ ಕಣಿವೆಯಲ್ಲಿ ಕುಡಿತ ಬಿಡಿಸುವ ದಾರಿಯೂ ವೈನ್ ದ್ರಾಕ್ಷಿ ಬೆಳೆಸುವ ದಾರಿಯೂ ಅಕ್ಕಪಕ್ಕದಲ್ಲೇ ಹಾದುಹೋಗುತ್ತವೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಬೇಡಿದ್ದು ಕಾಳಲ್ಲ, ಕಾಸಲ್ಲ, ಜನರ ದುಶ್ಚಟಗಳನ್ನು. ಊರೂರಿನಲ್ಲಿ ಜನ ಕುಡಿತ ಬಿಡುವ ಮಾತನ್ನು ಆ ಜೋಳಿಗೆಗೆ ಹಾಕಿದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಅದೇ ಸರ್ಕಾರ ಅದೇ ಕಣಿವೆಯ ರೈತರಿಗೆ ವೈನ್ ದ್ರಾಕ್ಷಿ ಬೆಳೆಯಲು ಹೇಳುತ್ತದೆ. ಅಲ್ಲಿನ ಬಹುಪಾಲು ರೈತರ ದ್ರಾಕ್ಷಿ ಈಗಲೂ ತಿನ್ನುವ ಹಣ್ಣಾಗಿ, ಒಣದ್ರಾಕ್ಷಿಯಾಗಿ ಹೋಗುತ್ತದೆ. ಎದೆಯ ಮೇಲೆ ಇಷ್ಟಲಿಂಗವಿರುವ, ಜೋಳಿಗೆಗೆ ಮಾತು ಹಾಕಿದ ರೈತ ವೈನಿನ ತಳಿ ನೆಡಬೇಕೋ ಬೇಡವೋ ಎಂಬುದಕ್ಕೆ ವೈನ್ ನೀತಿಯ ಪುಟಗಳಲ್ಲಿ ಉತ್ತರ ಹುಡುಕಿ ಫಲವಿಲ್ಲ.

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ದಂಡಿ ಯಾತ್ರೆಗೆ ಮುಂಚೆ ಗಾಂಧೀಜಿ ಬ್ರಿಟಿಷರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಸಂಪೂರ್ಣ ಪಾನನಿರೋಧವೂ ಒಂದು. ಅದೇ ಆಶಯ ಮುಂದೆ ಸಂವಿಧಾನದ 47ನೆಯ ವಿಧಿಯಾಗಿ ಉಳಿಯಿತು. ಯಾವ ಪೇಯಕ್ಕೂ ಅಲ್ಲಿ ಹೆಸರು ಹಿಡಿದು ವಿನಾಯಿತಿ ಕೊಟ್ಟಿಲ್ಲ; ಔಷಧಕ್ಕಾಗಿ ಬಳಸುವುದನ್ನು ಮಾತ್ರ ಹೊರಗಿಟ್ಟಿದೆ.

ದ್ರಾಕ್ಷಿತೋಟಕ್ಕೆ ಹೋಗಬಾರದೆಂದಲ್ಲ. ಹೋದವರು ಇನ್ನಷ್ಟು ಕೇಳಬೇಕು. ಗೊಂಚಲು ಕತ್ತರಿಸುವ ಕೂಲಿ ಎಷ್ಟು, ಕಂಪನಿ ರೈತನಿಗೆ ಕಿಲೋಗೆ ಕೊಟ್ಟ ದರ ಎಷ್ಟು, ನೀರು ಎಲ್ಲಿಂದ ಬಂತು, ಸುತ್ತಲ ಹಳ್ಳಿಯಲ್ಲಿ ಕುಡಿತದ ಸ್ಥಿತಿ ಹೇಗಿದೆ. ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಒಂದೊಂದೇ ಹೂವಿಗೆ ಕೈಯಿಂದ ಪರಾಗ ತಾಗಿಸುವ ಹೆಂಗಸರಿಗೆ ಈ ಪ್ರಶ್ನೆಗಳು ಹೊಸವಲ್ಲ. ಮಾರ್ಗದರ್ಶಿ ಇವಕ್ಕೂ ಉತ್ತರ ಹೇಳಿದರೆ ಆ ಪ್ರವಾಸ ನಿಜವಾಗಿಯೂ ಮಣ್ಣಿನ ರುಚಿ ತಿಳಿಸಿದಂತೆ.

2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಹಾವೇರಿ, ರಾಣೆಬೆನ್ನೂರುಗಳನ್ನು ಬೆಂಗಳೂರಿಗೆ ಬೆಸೆಯುವ ಹೆದ್ದಾರಿಯೇ ಅವರ ದಾರಿ. ಸುಮಾರು 200 ಕಿಲೋಮೀಟರ್ ನಡೆದು ರಾಜಧಾನಿ ತಲುಪಿದ ಅವರು ಕೇಳಿದ್ದು ಸಂಪೂರ್ಣ ಮದ್ಯನಿಷೇಧ. ಯಾವುದು ಹೊಲದ ಫಲ, ಯಾವುದು ಬಟ್ಟಿಯ ವಿಷ ಎಂಬ ವಿಂಗಡಣೆ ಅವರ ಬೇಡಿಕೆಯಲ್ಲಿ ಇರಲಿಲ್ಲ.