ನೈಪುಣ್ಯವೂ ಪಣವೂ

ಜೂಜು ಕೆಟ್ಟದ್ದೆಂಬುದನ್ನು ಯಾರೂ ಹೊಸದಾಗಿ ಉಪದೇಶಿಸಬೇಕಾಗಿಲ್ಲ. ಯಾವುದು ಜೂಜು, ಯಾವುದು ಅಲ್ಲ ಎಂಬುದೇ ಬಿಡಿಸಲು ಕಷ್ಟವಾದ ಪ್ರಶ್ನೆ. ಈ ಪ್ರಶ್ನೆಯು ನನ್ನೆದುರಿಗೆ ಬಂದುದು ಗ್ರಂಥದಿಂದಲ್ಲ, ನಮ್ಮ ಮನೆಯ ಜಗಲಿಯಲ್ಲಿ. 2022ನೆಯ ಇಸವಿ ಫೆಬ್ರವರಿ ತಿಂಗಳ ಕೊನೆಯಲ್ಲಿ ನನ್ನ ಸೋದರಳಿಯನು ಬೆಂಗಳೂರಿನಿಂದ ಬಂದಿದ್ದನು. ಓದಿದವನು, ಸಂಪಾದಿಸುವವನು, ನಡತೆಯಲ್ಲಿ ಸಾಧು. ಅವನು ರಾತ್ರಿಯ ಹೊತ್ತು ಮೊಬೈಲಿನಲ್ಲಿ ಮುಖಪರಿಚಯವಿಲ್ಲದವರೊಡನೆ ಹಣ ಕಟ್ಟಿ ಪೋಕರ್ ಎಂಬ ಇಸ್ಪೀಟಿನಾಟವನ್ನು ಆಡುತ್ತಿದ್ದುದನ್ನು ಕಂಡು ನನ್ನ ಅಕ್ಕ ಕಣ್ಣೀರಿಟ್ಟರು. ನಾನು ವಿಚಾರಿಸಲು, “ಮಾವ, ಇದು ಜೂಜಲ್ಲ, ಜಾಣ್ಮೆಯ ಆಟ. ಹೈಕೋರ್ಟೇ ಈ ತಿಂಗಳು ನಮ್ಮ ಪಕ್ಷವಾಗಿ ತೀರ್ಪು ಕೊಟ್ಟಿದೆ. ಕಾನೂನು ತಪ್ಪೆನ್ನದುದನ್ನು ನೀವು ತಪ್ಪೆನ್ನುವುದು ಹೇಗೆ?” ಎಂದನು. ಅಂದು ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಈ ಬರಹವು ಆ ತಡವಾದ ಉತ್ತರ.

ಮೊದಲು ಅವನ ಮಾತಿನಲ್ಲಿರುವ ನಿಜವನ್ನು ಒಪ್ಪಿಕೊಳ್ಳಬೇಕು. ಬ್ರಿಟಿಷರ ಕಾಲದ 1867ರ ಸಾರ್ವಜನಿಕ ಜೂಜಿನ ಕಾಯಿದೆಯೇ ಕೇವಲ ನೈಪುಣ್ಯದ ಆಟಗಳನ್ನು ತನ್ನ ಕಟ್ಟಿನಿಂದ ಹೊರಗಿಟ್ಟಿತ್ತು. ಗೆಲುವು ಮುಖ್ಯವಾಗಿ ನೈಪುಣ್ಯವನ್ನವಲಂಬಿಸಿದ ಸ್ಪರ್ಧೆ ಜೂಜಲ್ಲವೆಂದು ಸುಪ್ರೀಂ ಕೋರ್ಟು 1957ರಲ್ಲಿ ವಿವರಿಸಿತು. ರಮ್ಮಿಯಾಟವು ಮುಖ್ಯವಾಗಿ ನೈಪುಣ್ಯದ ಆಟವೆಂದು 1967ರಲ್ಲಿ ಹೇಳಿತು. ನಮ್ಮ ರಾಜ್ಯದ 1963ರ ಪೊಲೀಸ್ ಕಾಯಿದೆಯೂ ಶುದ್ಧ ನೈಪುಣ್ಯದ ಆಟಕ್ಕೆ ವಿನಾಯಿತಿಯನ್ನಿತ್ತಿತ್ತು. ಹಣವಿಟ್ಟು ಆಡುವ ಅಂತರ್ಜಾಲದ ಆಟಗಳನ್ನೆಲ್ಲ ತಡೆಯಲು 2021ರಲ್ಲಿ ಆ ಕಾಯಿದೆಗೆ ತಿದ್ದುಪಡಿಯಾಯಿತು. ನೈಪುಣ್ಯದ ಆಟಗಳನ್ನೂ ನಿಷೇಧದೊಳಕ್ಕೆ ಸೇರಿಸಿದ ಅದರ ವಿಧಿಗಳು ಸಂವಿಧಾನಕ್ಕೆ ವಿರುದ್ಧವೆಂದು ಕರ್ನಾಟಕದ ಹೈಕೋರ್ಟು 2022ರ ಫೆಬ್ರವರಿ 14ರಂದು ತೀರ್ಪಿತ್ತಿತು. ಅಳಿಯನು ಹೇಳಿದುದು ಇದನ್ನೇ.

ಆದರೆ ಜೂಜು ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯವಾದುದರಿಂದ, ಒಂದು ಗಡಿಯನ್ನು ದಾಟಿದೊಡನೆ ಆಟದ ಹೆಸರೇ ಬದಲಾಗುತ್ತಿತ್ತು. ಪಶ್ಚಿಮ ಬಂಗಾಳದ 1957ರ ಕಾಯಿದೆಯು ಬ್ರಿಜ್, ರಮ್ಮಿಗಳ ಜೊತೆಗೆ ಪೋಕರನ್ನೂ ಹೆಸರಿಸಿ ಜೂಜಿನ ವ್ಯಾಖ್ಯೆಯಿಂದ ಬಿಟ್ಟಿತು. ಗುಜರಾತಿನ ಹೈಕೋರ್ಟು 2017ರಲ್ಲಿ ಪೋಕರ್ ಜೂಜೇ ಎಂದಿತು. ಎಲೆಗಳು ಅವೇ ಐವತ್ತೆರಡು, ಆಡುವ ಕ್ರಮವೂ ಅದೇ. ಕಲ್ಕತ್ತೆಯಲ್ಲಿ ಜಾಣ್ಮೆಯೆನಿಸಿದುದು ಅಹಮದಾಬಾದಿನಲ್ಲಿ ಜೂಜು! ಇದರಿಂದ ನ್ಯಾಯಾಧೀಶರ ವಿವೇಕದಲ್ಲಿ ಕೊರತೆಯಿತ್ತೆಂದು ತಿಳಿಯಬೇಕಾಗಿಲ್ಲ. ಕೇಳಿದ ಪ್ರಶ್ನೆಯೇ ಬೇಕಾದ ಉತ್ತರಕ್ಕೆ ನಮ್ಮನ್ನು ಮುಟ್ಟಿಸದೆಂದು ಮಾತ್ರ ತಿಳಿದರೆ ಸಾಕು.

ಪೋಕರಿನಲ್ಲಿ ಜಾಣ್ಮೆಯುಂಟೆ? ನಿಸ್ಸಂದೇಹವಾಗಿ ಉಂಟು. ಅದರ ಒಂದು ಪ್ರಸಿದ್ಧ ರೀತಿಯಲ್ಲಿ ಪ್ರತಿಯೊಬ್ಬನಿಗೆ ಗುಟ್ಟಾಗಿ ಎರಡು ಎಲೆಗಳು. ಎಲ್ಲರಿಗೂ ಸಾಮಾನ್ಯವಾಗಿ ಮೇಜಿನ ಮೇಲೆ ಐದು ಎಲೆಗಳು ಹಂತಹಂತವಾಗಿ ತೆರೆಯುತ್ತವೆ. ಪ್ರತಿಯೊಂದು ಹಂತದಲ್ಲಿಯೂ ಪಣವನ್ನು ಏರಿಸಬಹುದು, ಸರಿಗಟ್ಟಬಹುದು, ಇಲ್ಲವೆ ಎಲೆಗಳನ್ನು ಕೆಳಗಿಟ್ಟು ಹಿಂದೆ ಸರಿಯಬಹುದು. ಕೆಟ್ಟ ಎಲೆ ಹಿಡಿದವನು ಒಳ್ಳೆಯ ಎಲೆಯುಳ್ಳವನಂತೆ ನಟಿಸಿ ಎದುರಾಳಿಯನ್ನು ಅಂಜಿಸಿ ಗೆಲ್ಲುವುದೂ ಉಂಟು. ಲೆಕ್ಕಾಚಾರ, ತಾಳ್ಮೆ, ಪರರ ಮನಸ್ಸನ್ನು ಊಹಿಸುವ ಶಕ್ತಿ ಇವೆಲ್ಲವೂ ಬೇಕು. ಒಂದು ರಾತ್ರಿ ಅದೃಷ್ಟವು ಗೆಲ್ಲಬಹುದು, ಸಾವಿರ ರಾತ್ರಿಗಳಲ್ಲಿ ಬಲ್ಲವನೇ ಗೆಲ್ಲುವನು.

ಹಾಗಾದರೆ ಸೋಲುವವನು ಯಾರು? ಅರಿಯದವನು. ಇಲ್ಲಿ ವಾದವು ತಲೆಕೆಳಗಾಗುತ್ತದೆಂದು ನನಗೆ ತೋರುತ್ತದೆ. ಇಬ್ಬರು ಸಮಪಣವಿಟ್ಟು ನಾಣ್ಯ ಚಿಮ್ಮಿ ಆಡಿದರೆ ದೈವವು ಇಬ್ಬರಿಗೂ ಸಮ. ನೈಪುಣ್ಯದ ಆಟದಲ್ಲಾದರೋ ಹಣವು ಏರಿನಿಂದ ತಗ್ಗಿಗೆ ನೀರು ಹರಿಯುವಂತೆ ಅಸಮರ್ಥನಿಂದ ಸಮರ್ಥನ ಕಡೆಗೆ ಹರಿಯುತ್ತದೆ. ಆಟವನ್ನು ನಡೆಸುವ ಸಂಸ್ಥೆಯು ಪಣದ ರಾಶಿಯಿಂದ ತನ್ನ ಪಾಲನ್ನು ತೆಗೆದುಕೊಳ್ಳುವುದರಿಂದ ಸೋತವರೆಲ್ಲರ ನಷ್ಟವು ಗೆದ್ದವರೆಲ್ಲರ ಲಾಭಕ್ಕಿಂತ ಯಾವಾಗಲೂ ಹೆಚ್ಚು. ಆದುದರಿಂದ ನಿಪುಣನ ಜೀವನಕ್ಕೆ ಒಂದು ವಸ್ತು ಅತ್ಯಾವಶ್ಯಕ: ತಾನೂ ನಿಪುಣನೆಂದು ಭ್ರಮಿಸಿದ ಅನಿಪುಣನು. ನೈಪುಣ್ಯವು ಹೆಚ್ಚಿದಷ್ಟೂ ಕಾನೂನಿನ ದೋಷ ಕಡಮೆಯಾಗಬಹುದು, ಧರ್ಮದ ದೋಷ ಕಡಮೆಯಾಗುವುದಿಲ್ಲ.

ಈ ಸಮರ್ಥನೆ ಹೊಸದೂ ಅಲ್ಲ. ಮಹಾಭಾರತದ ಸಭಾಪರ್ವದಲ್ಲಿ ಯುಧಿಷ್ಠಿರನು ಕಪಟವನ್ನು ಆಕ್ಷೇಪಿಸಿದಾಗ, ಬಲ್ಲವನು ಅರಿಯದವನನ್ನು ಎದುರಿಸಿ ಗೆಲ್ಲುವುದನ್ನು ಲೋಕವು ವಂಚನೆಯೆನ್ನುವುದಿಲ್ಲವೆಂಬ ತಾತ್ಪರ್ಯದ ಉತ್ತರವನ್ನು ಶಕುನಿಯು ಕೊಡುತ್ತಾನೆ. ನೈಪುಣ್ಯದ ವಾದದ ಮೊದಲನೆಯ ವಕೀಲನು ಆತನೇ! ಧರ್ಮರಾಯನು ಕಳೆದುಕೊಂಡುದನ್ನು ದೈವಕ್ಕಲ್ಲ, ಜಾಣ್ಮೆಗೆ ಕಳೆದುಕೊಂಡನು. ಅದೇ ಗ್ರಂಥದ ವನಪರ್ವದಲ್ಲಿ ನಳನ ಕಥೆಯುಂಟು. ರಾಜ್ಯವನ್ನು ಜೂಜಿನಲ್ಲಿ ಸೋತ ನಳನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು, ಪುಷ್ಕರನನ್ನು ಮತ್ತೆ ಆಟಕ್ಕೆ ಕರೆದು ಗೆದ್ದನು. ಗೆದ್ದಮೇಲೆ ಸೋತವನನ್ನು ಬೀದಿಗೆ ತಳ್ಳದೆ, ಅವನ ಭಾಗವನ್ನು ಅವನಿಗೇ ಬಿಟ್ಟುಕೊಟ್ಟು ಕಳುಹಿಸಿದನು. ನೈಪುಣ್ಯವು ಇಬ್ಬರಲ್ಲಿಯೂ ಇತ್ತು. ನಮ್ಮ ಪೂರ್ವಿಕರು ಒಬ್ಬನ ಹೆಸರನ್ನು ಪ್ರಾತಃಸ್ಮರಣೆಗೆ ಸೇರಿಸಿದರು, ಇನ್ನೊಬ್ಬನ ಹೆಸರನ್ನು ಬೈಗುಳಕ್ಕೆ ಬಳಸಿದರು. ಭೇದವು ಜಾಣ್ಮೆಯಲ್ಲಿರಲಿಲ್ಲ, ಸೋತವನನ್ನು ಕಾಣುವ ಕಣ್ಣಿನಲ್ಲಿತ್ತು.

ಪ್ರತಿವಾದಿಯು ಕೇಳಬಹುದು: “ಜಟ್ಟಿಯೂ ದುರ್ಬಲನನ್ನು ಗೆಲ್ಲುತ್ತಾನೆ, ವರ್ತಕನೂ ಜಾಣ್ಮೆಯಿಂದಲೇ ಲಾಭ ಪಡೆಯುತ್ತಾನೆ. ಅವರೂ ಪಾಪಿಗಳೊ?” ಅಲ್ಲ. ಅಖಾಡದಲ್ಲಿ ಸೋತವನು ಮೈಯ ಮಣ್ಣನ್ನು ಕೊಡವಿಕೊಂಡು ಏಳುತ್ತಾನೆ, ಅವನ ಮನೆಯ ಅಕ್ಕಿಯ ಮೂಟೆ ಗೆದ್ದವನ ಮನೆಗೆ ಹೋಗುವುದಿಲ್ಲ. ಸರಿಯಾದ ವ್ಯಾಪಾರದಲ್ಲಿ ಕೊಂಡವನಿಗೆ ವಸ್ತು, ಮಾರಿದವನಿಗೆ ಹಣ, ಹೀಗೆ ಇಬ್ಬರಿಗೂ ಪ್ರಯೋಜನ. ಪಣದಾಟದಲ್ಲಿ ಒಬ್ಬನ ಲಾಭಕ್ಕೆ ಇನ್ನೊಬ್ಬನ ನಷ್ಟವಲ್ಲದೆ ಬೇರೆ ಮೂಲವಿಲ್ಲ.

“ಪ್ರಾಯಸ್ಥನು ತನ್ನ ಹಣವನ್ನು ತಾನಾಗಿ ಇಟ್ಟರೆ ಪರರಿಗೇನು?” ಎಂಬುದು ಎರಡನೆಯ ಆಕ್ಷೇಪಣೆ. ಇದು ಇನ್ನೂ ಬಲವಾದುದು. ಸ್ವಾತಂತ್ರ್ಯವು ಬೆಲೆಯುಳ್ಳ ವಸ್ತು. ನೀತಿಯ ಪ್ರತಿಯೊಂದು ತಪ್ಪನ್ನೂ ಪೊಲೀಸಿನವರ ಕೈಗೆ ಒಪ್ಪಿಸಬೇಕೆಂದು ನಾನು ಹೇಳುವವನಲ್ಲ. ಮೇಲಾಗಿ ಪ್ರಭುತ್ವದ ಕೈಯೂ ಶುಭ್ರವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನು ಗೆದ್ದ ಹಣದಲ್ಲಿ ನೂರಕ್ಕೆ 5ರಂತೆ ಪಡೆಯುತ್ತಿದ್ದನು. ನಮ್ಮ ಕಾಲದಲ್ಲಿ 2023ರ ಅಕ್ಟೋಬರ್ 1ರಿಂದ ಇಂತಹ ಆಟಗಳಿಗೆ ಕಟ್ಟಿದ ಪೂರ್ಣ ಹಣದ ಮೇಲೆ ನೂರಕ್ಕೆ 28ರ ತೆರಿಗೆಯನ್ನು ಹಾಕಲಾಯಿತು. ಆದರೂ, ತನ್ನ ಶಕ್ತಿಯನ್ನು ತಪ್ಪಾಗಿ ಎಣಿಸಿದವನ ಒಪ್ಪಿಗೆಯು ಪೂರ್ಣವಾದ ಒಪ್ಪಿಗೆಯಲ್ಲ. ಸಂಸಾರಿಯ ಹಣವು ಅವನೊಬ್ಬನದೂ ಅಲ್ಲ. ಮೊಬೈಲಿನ ಆಟದಲ್ಲಿ ಎದುರಾಳಿಯ ಮುಖವೂ ಕಾಣದು, ಅವನ ಹಿಂದೆ ನಿಂತ ಹೆಂಡತಿಮಕ್ಕಳೂ ಕಾಣರು. ಕಾಣದಿರುವುದರಿಂದಲೇ ಗೆಲ್ಲುವುದು ಇಷ್ಟು ಹಗುರವಾಗಿದೆ.

2025ರ ಆಗಸ್ಟಿನಲ್ಲಿ ಸಂಸತ್ತು ಒಂದು ಕಾನೂನನ್ನು ಅಂಗೀಕರಿಸಿತು. 22ನೆಯ ತಾರೀಖು ರಾಷ್ಟ್ರಪತಿಗಳ ಅಂಕಿತವಾಯಿತು. ನೈಪುಣ್ಯವೋ ಅದೃಷ್ಟವೋ ಎಂಬ ಹಳೆಯ ಪ್ರಶ್ನೆಯನ್ನು ಅದು ಬದಿಗಿಟ್ಟಿತು. ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಅಂತರ್ಜಾಲದಲ್ಲಿ ಆಡುವ ಆಟ ಯಾವುದೇ ಆಗಲಿ, ಅದನ್ನು ನಡೆಸುವವನಿಗೆ 3 ವರ್ಷಗಳವರೆಗೆ ಸೆರೆ, 1 ಕೋಟಿ ರೂಪಾಯಿಗಳವರೆಗೆ ದಂಡ ಎಂದು ವಿಧಿಸಿತು. ಅದರ ಸಿಂಧುತ್ವವನ್ನು ಪ್ರಶ್ನಿಸಿದವರೂ ಉಂಟು. ಆ ವಿಚಾರ ನ್ಯಾಯಾಲಯಗಳಿಗೆ ಸೇರಿದುದು. ನನ್ನ ಮನಸ್ಸನ್ನು ಸೆಳೆದ ಸಂಗತಿ ಬೇರೆ: ಆ ಕಾನೂನು ಬರಿಯ ಆಟಗಾರನಿಗೆ ಶಿಕ್ಷೆಯನ್ನು ವಿಧಿಸಲಿಲ್ಲ. ಅವನನ್ನು ಅವನ ಅಂತಃಕರಣಕ್ಕೇ ಒಪ್ಪಿಸಿತು. ನನ್ನ ಅಳಿಯನ ಪ್ರಶ್ನೆಯು ಹೀಗೆ ಸುತ್ತಿ ಬಂದು ಹೊರಟಲ್ಲಿಗೇ ನಿಂತಿತು.

ಅವನಿಗೆ ನನ್ನ ಉತ್ತರವಿಷ್ಟೆ. ಬಲಿಪಾಡ್ಯಮಿಯ ದಿನ ನಮ್ಮ ಹಿರಿಯರು ಕವಡೆಯನ್ನೋ ಹುಣಿಸೆಯ ಬೀಜವನ್ನೋ ಇಟ್ಟು ಪಗಡೆಯಾಡುತ್ತಿದ್ದರು. ಸೋತವರೂ ನಗುತ್ತ ಊಟಕ್ಕೆ ಏಳುತ್ತಿದ್ದರು. ನೀನೂ ಹುಣಿಸೆಯ ಬೀಜವನ್ನಿಟ್ಟು ಪೋಕರ್ ಆಡಿ ನೋಡು. ರುಚಿಯುಳಿದರೆ ನೀನು ಪ್ರೀತಿಸಿದುದು ಜಾಣ್ಮೆಯನ್ನು. “ಹಣವಿಲ್ಲದಿದ್ದರೆ ಯಾರೂ ಅಂಜುವುದಿಲ್ಲ, ಅಂಜಿಕೆಯಿಲ್ಲದೆ ಆಟವೇ ಇಲ್ಲ” ಎನ್ನುವೆಯಾದರೆ, ನೀನು ಆಡುತ್ತಿದ್ದುದು ಎಲೆಗಳಿಂದಲ್ಲ, ಇನ್ನೊಬ್ಬನ ಭಯದಿಂದ ಎಂಬುದನ್ನು ನೀನೇ ಒಪ್ಪಿಕೊಂಡಂತಾಯಿತು. ಕಾನೂನು ಇದನ್ನು ಯಾವ ಹೆಸರಿನಿಂದ ಕರೆದರೂ ಕರೆಯಲಿ, ಸೋತವನ ಮನೆಯ ಹೊಸ್ತಿಲಲ್ಲಿ ನಿಂತು, ಅವನ ತಾಯಿಯೆದುರಿಗೆ ಎಣಿಸಿಕೊಳ್ಳಲಾರದ ಹಣವನ್ನು ದೂರದಿಂದಲೂ ಎಣಿಸಿಕೊಳ್ಳಬಾರದು.