ಮದ್ದಿನ ಮೇಲೊಂದು ಸಂಶಯ

ಮೈಮೇಲೆ ಪಿತ್ತದ ಗಂಧೆ ಎದ್ದಾಗ, ಮೂಗು ಸೋರಿ ಕಣ್ಣು ಉರಿಯತೊಡಗಿದಾಗ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸುಲಭವಾಗಿ ಕೈಗೆ ಸಿಗುವ ಮಾತ್ರೆ ಸೆಟಿರಿಜಿನ್. ಸ್ಟ್ರಿಪ್ಪಿನಿಂದ ಎರಡೋ ಮೂರೋ ಮಾತ್ರೆ ಕತ್ತರಿಸಿ ಕೊಡುತ್ತಾರೆ. ಅದರ ಮಾಹಿತಿ ಚೀಟಿ ಮನೆಯವರೆಗೆ ಬರುವುದು ಅಪರೂಪ. ಬಂದರೂ ಕೊನೆಯ ಸಾಲಿನವರೆಗೆ ಓದುವವರು ಕಡಿಮೆ. ಓದಿದವರನ್ನು ಮಾತ್ರ ಒಂದು ಹೆಸರು ತಡೆದು ನಿಲ್ಲಿಸುತ್ತದೆ. ಅಡ್ಡಪರಿಣಾಮಗಳ ಪಟ್ಟಿಯ ತುದಿಯಲ್ಲಿ, ‘ಅತಿ ವಿರಳ’ ಎಂಬ ಗುಂಪಿನಲ್ಲಿ, ಆಂಜಿಯೋಎಡಿಮಾ ಎಂದು ಬರೆದಿರುತ್ತದೆ.

ಚರ್ಮದ ಆಳದ ಪದರಗಳಲ್ಲಿ ದ್ರವ ತುಂಬಿಕೊಂಡು ತುಟಿ, ಕಣ್ಣಿನ ರೆಪ್ಪೆ, ನಾಲಿಗೆ, ಕೆಲವೊಮ್ಮೆ ಗಂಟಲು ಊದಿಕೊಳ್ಳುವ ಸ್ಥಿತಿ ಅದು. 1882ರಲ್ಲಿ ಜರ್ಮನಿಯ ವೈದ್ಯ ಹೈನ್ರಿಕ್ ಕ್ವಿಂಕೆ ವಿವರವಾಗಿ ಬರೆದ ಮೇಲೆ ಅವರ ಹೆಸರಿನಿಂದಲೂ ಅದನ್ನು ಗುರುತಿಸುತ್ತಾರೆ. ಅಲರ್ಜಿಯಿಂದ ಬರುವ ಇಂಥ ಊತಕ್ಕೆ ವೈದ್ಯರು ಕೊಡುವ ಔಷಧಗಳಲ್ಲಿ ಸೆಟಿರಿಜಿನ್‌ನಂಥ ಆಂಟಿಹಿಸ್ಟಮಿನ್ ಸಹ ಒಂದು. ಊತ ಇಳಿಸಲು ನುಂಗಿದ ಮಾತ್ರೆಯೇ ಊತ ತಂದಿತೆಂದರೆ ನಂಬುವುದು ಹೇಗೆ? ‘ಇದರಿಂದಲೇ ಇದಾಯಿತು’ ಎನ್ನಲು ಎಷ್ಟು ಆಧಾರ ಬೇಕು?

ಈ ಎರಡನೆಯ ಪ್ರಶ್ನೆ ಔಷಧಶಾಸ್ತ್ರಕ್ಕಿಂತ ಬಹಳ ಹಳೆಯದು. ನ್ಯಾಯದರ್ಶನದ (ಭಾರತೀಯ ತರ್ಕಶಾಸ್ತ್ರದ) ಕೈಪಿಡಿಯಾದ ಅನ್ನಂಭಟ್ಟರ ‘ತರ್ಕಸಂಗ್ರಹ’ವನ್ನು ಓದಿದವರಿಗೆ ಅದು ಗೊತ್ತು. ಕಾರ್ಯಕ್ಕೆ ಮುಂಚೆ ಇದ್ದದ್ದೆಲ್ಲ ಕಾರಣವಾಗುವುದಿಲ್ಲ. ನಿಯಮವಾಗಿ ಮುಂಚೆ ಇರಬೇಕು, ಬೇರೆ ರೀತಿಯಲ್ಲಿ ಲೆಕ್ಕ ಹೇಳಿ ಬದಿಗೆ ಸರಿಸಲು ಬಾರದಂತೆಯೂ ಇರಬೇಕು ಎಂಬುದು ನೈಯಾಯಿಕರ ನಿಲುವು. ಅವರ ಪ್ರಸಿದ್ಧ ಉದಾಹರಣೆ ಕುಂಬಾರನ ಕತ್ತೆ. ಮಣ್ಣು ಹೊತ್ತು ತಂದದ್ದು ಕತ್ತೆಯೇ ಆದರೂ ಮಡಕೆಗೆ ಅದು ಕಾರಣವಲ್ಲ, ಮಣ್ಣು ಬೇರೆ ದಾರಿಯಿಂದ ಬಂದಿದ್ದರೂ ಮಡಕೆ ಆಗುತ್ತಿತ್ತು.

ಊತದ ಪ್ರಕರಣದಲ್ಲಿ ಈ ಎಚ್ಚರ ತುಂಬ ಬೇಕು. ಆಂಟಿಹಿಸ್ಟಮಿನ್ ನುಂಗುವವರು ಯಾರು? ಬಹುಪಾಲು, ಆಗಲೇ ಅಲರ್ಜಿ ಶುರುವಾದವರು. ಬೆಳಿಗ್ಗೆ ಗಂಧೆ ಎದ್ದು, ಹತ್ತು ಗಂಟೆಗೆ ಮಾತ್ರೆ ನುಂಗಿ, ಹನ್ನೊಂದಕ್ಕೆ ತುಟಿ ಊದಿಕೊಂಡರೆ, ಆ ಊತ ಮೊದಲೇ ಹೊರಟಿದ್ದ ಅಲರ್ಜಿಯ ಮುಂದಿನ ಹೆಜ್ಜೆಯಾಗಿರಬಹುದು. ನ್ಯಾಯದರ್ಶನ ಇಂಥ ತೊಡಕನ್ನು ಉಪಾಧಿ ಎಂದು ಕರೆಯುತ್ತದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎನ್ನುವುದು ತಪ್ಪು. ಹಸಿ ಸೌದೆ ಸೇರಿದಾಗಲೇ ಹೊಗೆ. ಹಸಿ ಸೌದೆಯನ್ನು ಕಾಣದವನು ಬೆಂಕಿಯೊಂದನ್ನೇ ದೂರುತ್ತಾನೆ. ಊತದಲ್ಲೂ ಇಂಥ ಕಾಣದ ಹಸಿ ಸೌದೆ ಇರಬಹುದು: ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆಗಳಿಂದಲೂ ತುಟಿ, ನಾಲಿಗೆ ಊದಬಹುದು. ಆ ಊತದ ಹಿಂದಿರುವುದು ಅಲರ್ಜಿಯಲ್ಲಿ ಕೆಲಸ ಮಾಡುವ ಹಿಸ್ಟಮಿನ್ ಅಲ್ಲ, ಬ್ರಾಡಿಕೈನಿನ್ ಎಂಬ ಬೇರೊಂದು ರಾಸಾಯನಿಕ. ಹಾಗಾಗಿ ಅಲರ್ಜಿಯ ಮಾತ್ರೆ ಅಲ್ಲಿ ನಾಟುವುದಿಲ್ಲ. ರೋಗಿಗೆ ಮಾತ್ರ ಅಲರ್ಜಿಯ ಮಾತ್ರೆ ನುಂಗಿದ ಮೇಲೆ ಊತ ಹೆಚ್ಚಿದಂತೆ ಕಾಣುತ್ತದೆ.

ಹಾಗೆಂದು ಮಾತ್ರೆ ಎಲ್ಲ ಸಲವೂ ನಿರಪರಾಧಿಯೇ? ಅಲ್ಲ. ಒಂದು ಇದ್ದಾಗ ಇನ್ನೊಂದು ಇರುವುದು, ಇಲ್ಲದಾಗ ಇಲ್ಲದಿರುವುದು: ಈ ಅನ್ವಯ ವ್ಯತಿರೇಕಗಳೇ ಕಾರಣವನ್ನು ಹಿಡಿಯುವ ದಾರಿ ಎಂದು ತಾರ್ಕಿಕರು ಹೇಳಿದರು. ಇಂದಿನ ವೈದ್ಯರದೂ ಅದೇ ದಾರಿ. ಔಷಧ ನಿಲ್ಲಿಸಿದಾಗ ತೊಂದರೆ ಇಳಿಯಿತೇ, ಮತ್ತೆ ಕೊಟ್ಟಾಗ ಮರಳಿತೇ ಎಂದು ನೋಡುತ್ತಾರೆ. 1981ರಲ್ಲಿ ನರಾಂಜೊ ಮತ್ತು ಸಂಗಡಿಗರು ರೂಪಿಸಿದ ಹತ್ತು ಪ್ರಶ್ನೆಗಳ ಅಳತೆಪಟ್ಟಿಯಲ್ಲಿ ಇವೆರಡೂ ಇವೆ. ಬೇರೆ ಕಾರಣ ಇರಬಹುದೇ ಎಂಬ ಪ್ರಶ್ನೆಯೂ ಇದೆ. ವೈದ್ಯರ ನಿಗಾದಲ್ಲಿ ಸೆಟಿರಿಜಿನ್ ಮತ್ತೆ ಕೊಟ್ಟಾಗ ಗಂಧೆ ಮತ್ತೆ ಎದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹೈಡ್ರಾಕ್ಸಿಜಿನ್ ಎಂಬ ಇನ್ನೊಂದು ಅಲರ್ಜಿ ಔಷಧ ದೇಹದಲ್ಲಿ ಸೆಟಿರಿಜಿನ್ ಆಗಿ ಮಾರ್ಪಡುತ್ತದೆ. ಒಂದು ಒಗ್ಗದವರಿಗೆ ಇನ್ನೊಂದನ್ನು ಕೊಡಬಾರದೆಂಬ ಎಚ್ಚರಿಕೆ ಇರುವುದು ಅದಕ್ಕೇ.

ಇಲ್ಲಿ ಜ್ಞಾನ ಮತ್ತು ಧರ್ಮ ಎದುರುಬದುರಾಗುತ್ತವೆ. ಬಲವಾದ ಸಾಕ್ಷ್ಯ ಬೇಕೆಂದರೆ ಮತ್ತೆ ಮಾತ್ರೆ ಕೊಟ್ಟು ನೋಡಬೇಕು. ಆದರೆ ಗಂಟಲು ಊದಿ ಉಸಿರು ಕಟ್ಟಿದವರ ಮೇಲೆ, ತಿಳಿಯಬೇಕೆಂಬ ಒಂದೇ ಆಸೆಗೆ, ಅದನ್ನು ಮತ್ತೆ ಮಾಡುವ ಹಕ್ಕು ಯಾರಿಗೂ ಇಲ್ಲ. ತಿಳಿವಳಿಕೆ ಅರ್ಧಕ್ಕೇ ನಿಂತರೂ ಸರಿ, ಮನುಷ್ಯ ಉಳಿಯಬೇಕು. ಆದ್ದರಿಂದ ಇಂಥ ಬಹುತೇಕ ಪ್ರಕರಣಗಳು ತೀರ್ಪಿಲ್ಲದೆ ‘ಇರಬಹುದು’ ಎಂಬಲ್ಲಿಯೇ ನಿಲ್ಲುತ್ತವೆ.

ಆ ‘ಇರಬಹುದು’ವನ್ನು ಕೀಳಾಗಿ ಕಾಣುವುದು ತಪ್ಪು. ಗೌತಮರ ನ್ಯಾಯಸೂತ್ರಗಳು ಹೆಸರಿಸುವ ಹದಿನಾರು ಪದಾರ್ಥಗಳಲ್ಲಿ, ಅಂದರೆ ವಿಚಾರದ ವಿಷಯಗಳಲ್ಲಿ, ಸಂಶಯಕ್ಕೂ ಸ್ಥಾನವಿದೆ. ಏನೂ ತಿಳಿಯದ ವಿಷಯದಲ್ಲಾಗಲಿ, ನಿರ್ಣಯವಾಗಿ ಮುಗಿದ ವಿಷಯದಲ್ಲಾಗಲಿ ವಿಚಾರಣೆ ನಡೆಯುವುದಿಲ್ಲ, ಸಂಶಯವಿರುವಲ್ಲಿ ನಡೆಯುತ್ತದೆ ಎಂದು ಭಾಷ್ಯಕಾರ ವಾತ್ಸ್ಯಾಯನರು ವಿವರಿಸುತ್ತಾರೆ. ‘ಅಲರ್ಜಿ ಮಾತ್ರೆಯಿಂದ ಅಲರ್ಜಿ ಹೇಗೆ ಬಂದೀತು, ಸುಮ್ಮನಿರಿ’ ಎಂದು ರೋಗಿಯ ಬಾಯಿ ಮುಚ್ಚಿಸುವವರು ಈ ಸಂಶಯವನ್ನು ಹುಟ್ಟುವ ಮೊದಲೇ ಕೊಲ್ಲುತ್ತಾರೆ. ತನ್ನ ಮೈಗೆ ಏನಾಯಿತೆಂದು ಹೇಳುವವರ ಮಾತು ಕೊನೆಯ ತೀರ್ಪಲ್ಲದಿದ್ದರೂ ಕಿವಿಗೊಡಲೇಬೇಕಾದ ಸಾಕ್ಷ್ಯ.

ಕಿವಿಗೊಟ್ಟರೆ ಏನಾಗುತ್ತದೆ ಎಂಬುದಕ್ಕೆ 1961ರ ಥಾಲಿಡೊಮೈಡ್ ಪ್ರಕರಣ ಕಣ್ಣೆದುರಿಗಿದೆ. ಗರ್ಭಿಣಿಯರು ಆ ಮಾತ್ರೆ ನುಂಗಿದ್ದಕ್ಕೂ ಶಿಶುಗಳ ಕೈಕಾಲು ಬೆಳೆಯದಿದ್ದಕ್ಕೂ ನಂಟಿರಬಹುದೇ ಎಂದು ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ‘ಲ್ಯಾನ್ಸೆಟ್’ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಜರ್ಮನಿಯ ವಿಡುಕಿಂಡ್ ಲೆಂಟ್ಸ್ ತಾವಾಗಿಯೇ ಅದೇ ಸಂಶಯಕ್ಕೆ ಬಂದಿದ್ದರು. ಸಂಶಯ ನಿಜವಾಯಿತು. ಆ ದುರಂತದ ಪಾಠದಿಂದಲೇ 1968ರಲ್ಲಿ ಹತ್ತು ದೇಶಗಳು ಸೇರಿ ವಿಶ್ವ ಆರೋಗ್ಯ ಸಂಸ್ಥೆಯ ಔಷಧ ನಿಗಾ ಕಾರ್ಯಕ್ರಮ ಆರಂಭಿಸಿದವು. ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಶುರುವಾದದ್ದು 2010ರಲ್ಲಿ. ಒಬ್ಬರ ಮೈಮೇಲೆ ಸಾಬೀತು ಮಾಡಬಾರದ್ದನ್ನು ಸಾವಿರಾರು ಜನರ ವರದಿಗಳನ್ನು ಕೂಡಿಸಿ ತಿಳಿಯುವ ದಾರಿ ಅದು.

ಸಂಶಯಕ್ಕೂ ಒಂದು ಮೇರೆಯುಂಟು. ಅನುಮಾನವನ್ನೇ (ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದನ್ನೇ) ನಂಬಲಾಗದು ಎಂದ ಚಾರ್ವಾಕರಿಗೆ ನೈಯಾಯಿಕ ಉದಯನರು ಕೊಟ್ಟ ಉತ್ತರ ಅದೇ: ಸಂಶಯಿಸುವವನ ಸ್ವಂತ ನಡವಳಿಕೆಗೇ ವಿರುದ್ಧವಾಗುವಲ್ಲಿ ಸಂಶಯ ನಿಲ್ಲಬೇಕು. ‘ಅತಿ ವಿರಳ’ ಎಂದರೆ ಹತ್ತು ಸಾವಿರ ಬಳಕೆದಾರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆ ಒಂದು ಸಾಲಿಗೆ ಹೆದರಿ, ನವೆಯಲ್ಲಿ ನರಳುವ ಮಗುವಿಗೆ ವೈದ್ಯರು ಬರೆದುಕೊಟ್ಟ ಮದ್ದನ್ನು ತಪ್ಪಿಸುವುದು ವಿವೇಕವಲ್ಲ.

ಮಾತ್ರೆ ನುಂಗಿದ ಮೇಲೆ ನಾಲಿಗೆ ಊದಿದರೆ, ಧ್ವನಿ ಬದಲಾದರೆ, ಉಸಿರು ಬಿಗಿದರೆ ಕಾರಣದ ಚರ್ಚೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಅದೇ ಮಾತ್ರೆಯನ್ನು ಮನೆಯಲ್ಲಿ ಮತ್ತೆ ನುಂಗಿ ಪರೀಕ್ಷಿಸಬೇಡಿ. ಸ್ಟ್ರಿಪ್ಪನ್ನು ಎಸೆಯದೆ ವೈದ್ಯರಿಗೆ ತೋರಿಸಿ. ಗುಣವಾದ ಮೇಲೆ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ 1800-180-3024 ಸಂಖ್ಯೆಗೆ ಕರೆ ಮಾಡಿ ವರದಿ ಕೊಡಿ. ಆ ಕರೆಗೆ ಶುಲ್ಕವಿಲ್ಲ, ರೋಗಿಗಳು ತಾವೇ ಮಾಡಬಹುದು.