ಇಜ್ಜೋಡು ಅಂದರೆ ಏನು?
(ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ)

  

ಇವತ್ತು ನಾನು ಮೊದಲು ಒಂದು ತಪ್ಪೊಪ್ಪಿಗೆ ಮಾಡಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯಲ್ಲಿ ಪಿಯುಸಿ ಓದ್ತಿದ್ದ ಒಬ್ಬ ಹುಡುಗ ಇದ್ದ. ಡ್ರಮ್ಸ್ ಬಾರಿಸ್ತಿದ್ದ. ಅವನ ತಾಯಿ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗ್ತಿದ್ರು. ಅದೇ ಅಪಾರ್ಟ್‌ಮೆಂಟ್‌ನ ಎಂಟನೇ ಮಹಡಿಯಲ್ಲಿ ನಮ್ಮ ಸಭೆಯದೇ ಇನ್ನೊಂದು ಕುಟುಂಬ. ಆ ಮನೆ ಮಗಳಿಗೆ ಹದಿನೇಳು ವರ್ಷ. ಇಬ್ಬರಿಗೂ ಒಬ್ಬರ ಮೇಲೆ ಒಬ್ಬರಿಗೆ ಮನಸ್ಸಾಯ್ತು. ಹುಡುಗಿಯ ಅಪ್ಪ ಅಮ್ಮ ನನ್ನ ಹತ್ತಿರ ಬಂದು, "ಪಾಸ್ಟರ್, ನೀವೇ ಅವನಿಗೆ ಬುದ್ಧಿ ಹೇಳಿ" ಅಂದ್ರು. ನಾನು ಹುಡುಗನನ್ನ ಕರೆದು 2 ಕೊರಿಂಥ 6:14 ತೆರೆದು, "ತಮ್ಮಾ, ಇದು ಇಜ್ಜೋಡು" ಅಂದೆ.

ಅವನು ಒಂದೇ ಪ್ರಶ್ನೆ ಕೇಳಿದ. "ಅಣ್ಣಾ, ನಾನೂ ದೀಕ್ಷಾಸ್ನಾನ ತಗೊಂಡಿದ್ದೀನಿ, ಅವಳೂ ತಗೊಂಡಿದ್ದಾಳೆ. ಮತ್ತೆ ಇಜ್ಜೋಡು ಯಾವುದು? ನಮ್ಮಮ್ಮನ ಕೆಲಸಾನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಭಾನುವಾರ ಡ್ರಮ್ಸ್ ಹಿಂದೆ ಯಾರೂ ಇರಲಿಲ್ಲ.

ದೇವರ ಮಕ್ಕಳೇ, ಪೌಲನು ಆ ವಚನದಲ್ಲಿ ಹೇಳಿದ್ದು ನಂಬಿಕೆಯ ವಿಷಯ. ಸಂಬಳ, ಜಾತಿ, ಏರಿಯಾ, ಇಂಗ್ಲಿಷ್ ಉಚ್ಚಾರಣೆ, ಇವು ಯಾವುವೂ ಆ ನೊಗದಲ್ಲಿಲ್ಲ. ನಾನು ಬೈಬಲ್ ಕೈಯಲ್ಲಿ ಹಿಡಿದು ಅಂತಸ್ತಿನ ಭಾಷೆ ಮಾತಾಡಿದ್ದೆ.

ಅರಣ್ಯಕಾಂಡ 12ಕ್ಕೆ ಬನ್ನಿ. ಮೋಶೆಯ ಹೆಂಡತಿ ಕೂಷ್ ದೇಶದವಳು. ಮಿರ್ಯಾಮಳೂ ಆರೋನನೂ ಅದನ್ನೇ ಹಿಡಿದು ಆಡಿಕೊಂಡರು. ಹೊರಗಿನವರಲ್ಲ, ಒಬ್ಬಳು ಪ್ರವಾದಿನಿ, ಒಬ್ಬ ಮಹಾಯಾಜಕ! ದೇವರು ಯಾರ ಪಕ್ಷ ನಿಂತರು? ಮಿರ್ಯಾಮಳಿಗೆ ತೊನ್ನು ಹತ್ತಿತು, ಏಳು ದಿನ ಪಾಳೆಯದ ಹೊರಗೆ ಇರಬೇಕಾಯ್ತು. ಇನ್ನೊಂದು ಗಮನಿಸಿ: ಆ ಏಳು ದಿನ ಇಡೀ ಜನಾಂಗವೇ ಮುಂದಕ್ಕೆ ಹೊರಡಲಿಲ್ಲ. ಒಂದು ಮನೆಯ ಮದುವೆಯನ್ನ ಕೀಳಾಗಿ ಮಾತಾಡಿದ್ದಕ್ಕೆ ಇಡೀ ಪ್ರಯಾಣ ನಿಂತಿತು. ನಮ್ಮ ಸಭೆ ಯಾಕೆ ಮುಂದೆ ಹೋಗ್ತಿಲ್ಲ ಅಂತ ಉಪವಾಸ ಮಾಡ್ತೀವಿ. ಮೊದಲು ನಮ್ಮ ನಾಲಿಗೆ ಪರೀಕ್ಷೆ ಮಾಡೋಣ. ಆಮೆನ್ ಹೇಳೋಕೆ ಕಷ್ಟ, ಆದರೂ ಹೇಳಿ!

ತಂದೆತಾಯಂದಿರೇ, ಕನ್ನಡ ನಾಡಿಗೆ ಇದು ಹೊಸ ಪ್ರಶ್ನೆ ಅಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾಯ್ತು. ಅದಕ್ಕಾಗಿ ಆ ಇಬ್ಬರು ತಂದೆಯರೂ ಪ್ರಾಣ ತೆತ್ತರು ಅಂತ ಪರಂಪರೆ ಹೇಳುತ್ತೆ. ಯೇಸುವಿನ ರಕ್ತದಿಂದ ಒಂದೇ ಕುಟುಂಬವಾದವರು ನಾವು. ನಮಗೆ ಪ್ರಾಣ ಕೊಡೋದು ಬೇಡ, ಸಂಬಂಧಿಕರ ಎದುರು ಸ್ವಲ್ಪ ಮರ್ಯಾದೆ ಬಿಟ್ಟುಕೊಡೋಕಾದ್ರೂ ಆಗುತ್ತಾ?

ಈಗ ಯೌವನಸ್ಥರೇ, ನೀವು ಚಪ್ಪಾಳೆ ತಟ್ಟಿದ್ದು ಸಾಕು. ನಿಮಗೂ ಒಂದು ಮಾತಿದೆ. ಪ್ರೀತಿಸೋದು ತಪ್ಪಲ್ಲ. ಆದರೆ ಪ್ರೀತಿಗೆ ಒಂದು ಸಮಯ ಇದೆ, ಅವಸರ ಬೇಡ ಅನ್ನೋ ಎಚ್ಚರಿಕೆ ಪರಮಗೀತೆಯಲ್ಲಿ ಮೂರು ಸಲ ಬರುತ್ತೆ. ಕಾನೂನೂ ಹುಡುಗಾಟ ಅಲ್ಲ. ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. 2012ರ ಪೋಕ್ಸೋ ಕಾಯ್ದೆ 18 ತುಂಬದವರನ್ನ ಮಕ್ಕಳು ಅಂತಲೇ ನೋಡುತ್ತೆ, ಅವರ ಒಪ್ಪಿಗೆ ಅಲ್ಲಿ ನಡೆಯಲ್ಲ. "ಬಾ, ಓಡಿ ಹೋಗೋಣ" ಅನ್ನೋದು ಸಿನಿಮಾದಲ್ಲಿ ಚೆಂದ. ಆಮೇಲೆ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂರೋ ತಾಯಿಯ ಹತ್ತಿರ ವಕೀಲರಿಗೆ ಕೊಡೋಕೆ ದುಡ್ಡು ಇರುತ್ತಾ? ನೀನು ನಿಜವಾಗಿ ಪ್ರೀತಿಸಿದರೆ, ಬಡವರ ಮನೆಯ ಮೇಲೆ ಆ ಭಾರ ಹಾಕಬೇಡ.

ಯಾಕೋಬನನ್ನ ನೋಡಿ. ರಾಹೇಲಳಿಗಾಗಿ ಏಳು ವರ್ಷ ಕುರಿ ಕಾಯ್ದ. ಅವನಿಗೆ ಅದು ಕೆಲವೇ ದಿನದ ಹಾಗೆ ಕಂಡಿತು ಅಂತ ಆದಿಕಾಂಡ 29 ಹೇಳುತ್ತೆ. ಮೋಹಕ್ಕೆ ಏಳು ನಿಮಿಷವೂ ಉದ್ದ. ಬ್ಲೂ ಟಿಕ್ ಬಂದು ರಿಪ್ಲೈ ಬರದಿದ್ರೆ ಒದ್ದಾಡುತ್ತೆ. ಪ್ರೀತಿ ಕಾಯುತ್ತೆ. ಕಾಯುವಾಗ ಓದುತ್ತೆ, ದುಡಿಯುತ್ತೆ, ಬೆಳಕಿನಲ್ಲಿ ನಡೆಯುತ್ತೆ, ಮನೆಯವರಿಗೆ ಸುಳ್ಳು ಹೇಳಲ್ಲ.

ಆ ಹುಡುಗ? ನಾನೇ ಅವನ ಮನೆಗೆ ಹೋದೆ. ಶೀಟ್ ಹಾಕಿದ ಒಂದೇ ರೂಮ್. ಅವನ ಹತ್ತಿರ, ಅವನ ತಾಯಿ ಹತ್ತಿರ ಕ್ಷಮೆ ಕೇಳಿದೆ. ಆ ತಾಯಿ ಏನೂ ಮಾತಾಡಲಿಲ್ಲ, ನನಗೆ ಟೀ ಮಾಡಿಕೊಟ್ಟರು. ಅವನು ಈಗ ಕೆಲಸಕ್ಕೆ ಹೋಗ್ತಾನೆ, ಸಂಜೆ ಡಿಗ್ರಿ ಓದ್ತಾನೆ. ಸಭೆಗೆ ಬರ್ತಾನೆ, ಆದರೆ ಇನ್ನೂ ಹಿಂದಿನ ಸಾಲಲ್ಲೇ ಕೂರ್ತಾನೆ. ಅವನ ಒಪ್ಪಿಗೆ ಕೇಳಿಯೇ ಇದನ್ನ ಹೇಳ್ತಿದ್ದೀನಿ. ಅವರಿಬ್ಬರ ಮುಂದಿನ ದಾರಿ ದೇವರ ಕೈಯಲ್ಲಿದೆ. ಆದರೆ ಅವನನ್ನ ಹಿಂದಿನ ಸಾಲಿಗೆ ಕಳಿಸಿದ್ದು ದೇವರಲ್ಲ, ನಾನು.

ಎಲ್ಲರೂ ಕಣ್ಣು ಮುಚ್ಚೋಣ. ತಂದೆಯೇ, ನಿನ್ನ ವಾಕ್ಯದ ಹಿಂದೆ ನಮ್ಮ ಅಹಂಕಾರವನ್ನ ಅಡಗಿಸಿದ್ದೇವೆ, ಕ್ಷಮಿಸು. ಈ ಮಕ್ಕಳಿಗೆ ಕಾಯುವ ಬಲ ಕೊಡು. ಹೆತ್ತವರಿಗೆ ನಿನ್ನ ಕಣ್ಣು ಕೊಡು. ಹಿಂದಿನ ಸಾಲಲ್ಲಿ ಕೂತವರನ್ನ ನೀನೇ ಹೆಸರು ಹಿಡಿದು ಕರೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.